ದೊಡ್ಡಪ್ಪನವರ ದನಿ

ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವೇ ಈ ಬರಹಕ್ಕೆ ಕಾರಣ. ನಮ್ಮ ದೊಡ್ಡಪ್ಪನವರು 2018ರಲ್ಲಿ ಲಿಂಗೈಕ್ಯರಾದರು. ಅದಕ್ಕೆ ಎರಡು ವರ್ಷ ಮೊದಲು ಅವರು ಮನೆಯ ಪಡಸಾಲೆಯಲ್ಲಿ ಕುಳಿತು ಒಂದು ಗಂಟೆ ಕಾಲ ವಚನಗಳ ಅರ್ಥ ಹೇಳಿದ್ದನ್ನು ಹುಡುಗರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದರು. ದೊಡ್ಡಮ್ಮನವರಿಗೆ ಈಗ ಕಣ್ಣು ಕಾಣಿಸದು. “ಚಿತ್ರ ನನಗ್ಯಾಕಪ್ಪ, ಅವರ ದನಿ ಅಷ್ಟು ಕೇಳಸ್ರಿ” ಎಂದರು.

ಹುಡುಗನೊಬ್ಬ ಕ್ಷಣಾರ್ಧದಲ್ಲಿ ಆ ವಿಡಿಯೊವನ್ನು ಆಡಿಯೊ ಮಾಡಿದ. ಮೊಬೈಲಿನಲ್ಲಿ ಜಾಗವಿಲ್ಲವೆಂದು ಮೂಲ ವಿಡಿಯೊವನ್ನು ಅಳಿಸಿಯೂ ಬಿಟ್ಟ. ಕೇಳಿದರೆ ದೊಡ್ಡಪ್ಪನವರು ಕೊಡದೊಳಗೆ ಮುಖವಿಟ್ಟು ಮಾತನಾಡಿದಂತಿತ್ತು! ಫೈಲು ಚಿಕ್ಕದಾಗಲೆಂದು ಅವನು ಸೆಕೆಂಡಿಗೆ 16 ಕಿಲೋಬಿಟ್ ಎಂಬ ಅತಿ ಕೆಳಗಿನ ಪ್ರಮಾಣವನ್ನು ಆರಿಸಿಕೊಂಡಿದ್ದ.

ಇಲ್ಲಿ ಆದದ್ದೇನು? ಮೊಬೈಲಿನ ವಿಡಿಯೊ ಫೈಲು ಸಾಮಾನ್ಯವಾಗಿ ಎಂಪಿ4 ಎಂಬ ಬಗೆಯದು. ಅದನ್ನು ಬುತ್ತಿಯ ಗಂಟೆಂದು ತಿಳಿಯಬಹುದು. ಗಂಟಿನಲ್ಲಿ ರೊಟ್ಟಿ ಬೇರೆ, ಪಲ್ಯ ಬೇರೆ ಇರುವಂತೆ ಅದರೊಳಗೆ ಚಿತ್ರ ಬೇರೆ, ದನಿ ಬೇರೆ ಇರುತ್ತವೆ. ದನಿಯು ಬಹುಮಟ್ಟಿಗೆ ಎಎಸಿ ಎಂಬ ರೂಪದಲ್ಲಿ ಆಗಲೇ ಒಮ್ಮೆ ಸಂಕುಚಿತಗೊಂಡಿರುತ್ತದೆ. ಆದುದರಿಂದ ಅದನ್ನು ಇದ್ದಂತೆಯೇ ಹೊರತೆಗೆದು ಎಂ4ಎ ಫೈಲಾಗಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ಇದರಿಂದ ದನಿಗೆ ಎಳ್ಳಷ್ಟೂ ಊನವಾಗದು. 2000ದಿಂದ ಬಳಕೆಯಲ್ಲಿರುವ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ಕೆಲವೇ ಸೆಕೆಂಡುಗಳಲ್ಲಿ ಮಾಡುತ್ತದೆ; ಆದರೆ ಆದೇಶಗಳನ್ನು ಬೆರಳಚ್ಚು ಮಾಡಬೇಕಾದ್ದರಿಂದ ಕಾಲೇಜಿಗೆ ಹೋಗುವ ಮಕ್ಕಳ ನೆರವು ಬೇಕಾದೀತು.

ಎಂಪಿ3 ಮಾಡುವುದು ಇನ್ನೊಂದು ದಾರಿ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ತಜ್ಞರು ರೂಪಿಸಿದ ಈ ವಿಧಾನಕ್ಕೆ ಆ ಹೆಸರು ನಿಂತದ್ದು 1995ರಲ್ಲಿ. ಒಂದು ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಕೈಬಿಟ್ಟು ಅದು ಫೈಲನ್ನು ಕಿರಿದಾಗಿಸುತ್ತದೆ. ಕೈಬಿಟ್ಟದ್ದು ಮರಳಿ ಬರುವುದಿಲ್ಲ. ಆಗಲೇ ಸಂಕುಚಿತವಾದ ದನಿಯನ್ನು ಮತ್ತೆ ಎಂಪಿ3 ಮಾಡಿದರೆ ಮತ್ತಷ್ಟು ನಷ್ಟ. ಹಾಗೆಂದು ಎಂಪಿ3 ಹೀನವೆಂದು ನಾವು ಹೇಳುವುದಿಲ್ಲ. ಹಳೆಯ ಕಾರಿನ ಪ್ಲೇಯರಿನಲ್ಲಿಯೂ, ಅಜ್ಜಿಯಂದಿರ ಪೆನ್‌ಡ್ರೈವ್ ರೇಡಿಯೊದಲ್ಲಿಯೂ ನುಡಿಯುವುದು ಅದೇ. ವಿಎಲ್‌ಸಿ ಎಂಬ ಉಚಿತ ತಂತ್ರಾಂಶದ ‘ಮೀಡಿಯಾ’ ಪಟ್ಟಿಯಲ್ಲಿ ‘ಕನ್ವರ್ಟ್/ಸೇವ್’ ಒತ್ತಿ, ಎಂಪಿ3 ಆರಿಸಿದರೆ ಸಾಕು. ಸೆಕೆಂಡಿಗೆ 128 ಕಿಲೋಬಿಟ್ ಇಟ್ಟರೆ ಒಂದು ಗಂಟೆಯ ಪ್ರವಚನ ಸುಮಾರು 58 ಮೆಗಾಬೈಟ್ ಆಗುತ್ತದೆ. ಒಬ್ಬರೇ ಮಾತನಾಡುವುದಾದರೆ ಮೋನೊ ರೂಪದಲ್ಲಿ 64 ಸಾಕು. ಹಾರ್ಮೋನಿಯಂ, ತಬಲಾ ಇರುವ ವಚನ ಗಾಯನಕ್ಕೆ ಮಾತ್ರ ಈ ಜಿಪುಣತನ ಬೇಡ.

ಮದುವೆ, ಗುರುಪ್ರವೇಶಗಳ ಹಳೆಯ ವಿಡಿಯೊ ಕ್ಯಾಸೆಟ್ಟುಗಳು ಅಟ್ಟದ ಮೇಲಿದ್ದರೆ ಅವಸರ ಮಾಡಬೇಕು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿತು. ನಡೆಯುವ ಯಂತ್ರ ಸಿಕ್ಕರೆ ಅದರ ಆಡಿಯೊ ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿ, ಆಡಾಸಿಟಿ ತಂತ್ರಾಂಶದಲ್ಲಿ ಮುದ್ರಿಸಿಕೊಂಡು ಮೊದಲು ವೇವ್ ಫೈಲಾಗಿ ಇಡಬೇಕು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಅಡ್ಡದಾರಿಯಿಲ್ಲ.

ಮಾರಾಟಕ್ಕೆ ಬಂದ ಗಾಯಕರ ಧ್ವನಿಮುದ್ರಿಕೆಗಳ ಮಾತು ಬೇರೆ. ಅವುಗಳ ಹಕ್ಕು ಅವರದು; ನಾವು ಹೇಳುತ್ತಿರುವುದು ಮನೆಯ ಸ್ವತ್ತಿನ ವಿಷಯ.

ದೊಡ್ಡಪ್ಪನವರ ವಿಡಿಯೊ ಕೊನೆಗೂ ದೊರೆಯಿತು. ಸೊಲ್ಲಾಪುರದಲ್ಲಿರುವ ಅವರ ಮಗಳು ಅದನ್ನು ಹಿಂದೆಯೇ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದರು. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೆ ಸಂಕುಚಿತವಾಗುತ್ತದೆಂದು, ಬಸ್ಸಿನಲ್ಲಿ ಬರುವವರ ಕೈಯಲ್ಲಿ ಪೆನ್‌ಡ್ರೈವನ್ನೇ ತರಿಸಿದೆವು. ದನಿಯನ್ನು ಇದ್ದಂತೆಯೇ ತೆಗೆದು, ಮೂಲವನ್ನು ಎರಡು ಕಡೆ ಇಟ್ಟೆವು.

ಈಗ ಬೆಳಿಗ್ಗೆ ಪೂಜೆಯ ನಂತರ ದೊಡ್ಡಮ್ಮನವರು ಅದನ್ನು ಕೇಳುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಒಂದೆಡೆ ದೊಡ್ಡಪ್ಪನವರು ಕೆಮ್ಮುತ್ತಾರೆ. ಅಡುಗೆಮನೆಯ ಕಡೆಯಿಂದ “ನೀರು ತರ್ಲೇನ್ರಿ?” ಎಂಬ ಹೆಣ್ಣು ದನಿ ಕೇಳಿಸುತ್ತದೆ. ಅದು ದೊಡ್ಡಮ್ಮನವರದೇ. ಆ ಭಾಗ ಬಂದಾಗ ಮನೆಯವರಾರೂ ಮಾತನಾಡುವುದಿಲ್ಲ.