ರಾಸ್ಪ್‌ಬೆರಿ ಪೈ ಕಾರ್ಡ್ ಯಾಕೆ ಕೈಕೊಡುತ್ತೆ?

ಟಿವಿ ಹಿಂದೆ ಸಿಕ್ಕಿಸಿ ಮರೆತಿದ್ದ ರಾಸ್ಪ್‌ಬೆರಿ ಪೈ 4. ಕರೆಂಟ್ ಹೋಗಿ ಬಂತು. ಕೆಂಪು ದೀಪ ಉರೀತಿದೆ, ಹಸಿರು ದೀಪ ಸುಮ್ಮನಿದೆ. ಬೋರ್ಡ್ ಮೇಲೆ ಸಿಟ್ಟಾಗಬೇಡಿ. ಮೊದಲ ಅನುಮಾನ ಮೈಕ್ರೋ ಎಸ್‌ಡಿ ಕಾರ್ಡಿನ ಮೇಲಿರಲಿ.

ಕಾರ್ಡಿನೊಳಗೆ ಇರೋದು ಫ್ಲ್ಯಾಶ್ ಮೆಮೊರಿ. ಬರೆದಿದ್ದರ ಮೇಲೆ ನೇರವಾಗಿ ಮತ್ತೆ ಬರೆಯೋಕಾಗಲ್ಲ, ಇಡೀ ಬ್ಲಾಕನ್ನೇ ಅಳಿಸಬೇಕು. ಲಾಗ್ ಫೈಲಿಗೆ ಒಂದೇ ಸಾಲು ಸೇರಿದರೂ ಒಳಗೆ ಅದರ ಎಷ್ಟೋ ಪಟ್ಟು ಡೇಟಾ ಎತ್ತಿಡೋ ಕೆಲಸ ನಡೆಯುತ್ತೆ. ಅಳಿಸಿದಷ್ಟೂ ಸೆಲ್‌ಗಳು ಸವೆಯುತ್ತವೆ. ಕ್ಯಾಮೆರಾಗೆ ಇಂಥ ಕಾರ್ಡ್ ಧಾರಾಳ ಸಾಕು. ಹಗಲೂ ರಾತ್ರಿ ಆಪರೇಟಿಂಗ್ ಸಿಸ್ಟಂ ಓಡಿಸೋಕೆ? ಕಷ್ಟ.

ಸವೆತಕ್ಕಿಂತ ದೊಡ್ಡ ವಿಲನ್ ಕರೆಂಟೇ ಅಂತೀನಿ ನಾನು. ಬರೆಯೋ ಹೊತ್ತಲ್ಲಿ ಪ್ಲಗ್ ಕಿತ್ತರೆ, ಯಾವ ಡೇಟಾ ಎಲ್ಲಿದೆ ಅನ್ನೋ ಕಾರ್ಡಿನ ಲೆಕ್ಕವೇ ತಪ್ಪಿಹೋಗಬಹುದು. ಸ್ಕ್ರೀನಿನ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂತಾ? ವೋಲ್ಟೇಜ್ ಸಾಲ್ತಿಲ್ಲ. ಆ ಹಳೇ ಫೋನ್ ಚಾರ್ಜರ್ ತೆಗೆದು ಸರಿಯಾದ ಅಡಾಪ್ಟರ್ ಹಾಕಿ.

ಕಾರ್ಡಿಗೆ ಬರೆಯೋದನ್ನೇ ತಪ್ಪಿಸಬೇಕಾ? ಪೈನ ಸೆಟ್ಟಿಂಗ್ಸ್ ಟೂಲ್ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿದರೆ ಬರೆಯೋದೆಲ್ಲ ರಾಮ್ ಮೆಮೊರಿಗೇ ಹೋಗುತ್ತೆ. ರೀಸ್ಟಾರ್ಟ್ ಆದರೆ ಅದೆಲ್ಲ ಅಳಿಸಿಹೋಗುತ್ತೆ, ಗೊತ್ತಿರಲಿ! ಕಾರ್ಡ್ ಕೊಳ್ಳುವಾಗ ‘ಹೈ ಎಂಡ್ಯೂರೆನ್ಸ್’ ಅಂತ ಇರೋದನ್ನೇ ಕೇಳಿ. ಡ್ಯಾಶ್‌ಕ್ಯಾಮ್, ಸಿಸಿಟಿವಿಗೆ ಅಂತಲೇ ಮಾಡಿರ್ತಾರೆ. ಎ1, ಎ2 ಅನ್ನೋದು ವೇಗದ ಗುರುತು, ಬಾಳಿಕೆಯದ್ದಲ್ಲ.

ಡೇಟಾಬೇಸ್ ಓಡಿಸ್ತೀರಾ? ಕಾರ್ಡ್ ಸಹವಾಸವೇ ಬೇಡ. ಪೈ 4ಕ್ಕೆ ಯುಎಸ್‌ಬಿ ಎಸ್‌ಎಸ್‌ಡಿ, ಪೈ 5ಕ್ಕೆ ಎನ್‌ವಿಎಂಇ. ಈಗಿರೋ ಕಾರ್ಡಿನ ಬ್ಯಾಕಪ್ ಮಾತ್ರ ಇವತ್ತೇ ತೆಗೆದಿಡಿ.