ಶತ್ರು, ಮಿತ್ರ ಮತ್ತು ನೆರೆಯವನು
ರಾಷ್ಟ್ರಗಳ ಸಂಬಂಧವನ್ನು ಕುರಿತು ಕೆಲವು ವಿಚಾರಗಳು

ದೇಶದೇಶಗಳ ರಾಜಕೀಯವು ದೊಡ್ಡವರ ಮಾತು. ಮಕರಪುರದಲ್ಲಿ ದುಡಿಯುವ ನಮಗೇಕೆ ಎಂದು ಕೆಲವರು ಕೇಳುವುದುಂಟು. 2022ರಲ್ಲಿ ಉಕ್ರೇನಿನ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ಸರಬರಾಜು ಕುಗ್ಗಿ, ಏಪ್ರಿಲ್ 28ರಿಂದ ಇಂಡೋನೇಷ್ಯವು ತಾಳೆ ಎಣ್ಣೆಯ ರಫ್ತನ್ನೂ ತಡೆದಾಗ, ವಡೆ ಕರಿಯುವ ಬಾಣಲೆಗೇ ಅದರ ಬಿಸಿ ತಟ್ಟಿತು. ಆದಕಾರಣ ಈ ಶಾಸ್ತ್ರದ ಸ್ಥೂಲ ಪರಿಚಯವು ನಮಗೂ ಅವಶ್ಯಕವಾದುದು.

ಇದರಲ್ಲಿ ಮುಖ್ಯ ಮತಗಳು ಮೂರು. ಮೊದಲನೆಯದು ವಾಸ್ತವವಾದ. ರಾಜ್ಯಗಳಿಗೆ ಮೇಲೊಬ್ಬ ಒಡೆಯನಿಲ್ಲ. ಪ್ರತಿಯೊಂದೂ ಸ್ವಂತ ಬಲವನ್ನೇ ನಂಬಬೇಕು ಎಂಬುದು ಇದರ ಸಾರ. ಕೌಟಿಲ್ಯನ ಮಂಡಲ ಸಿದ್ಧಾಂತವು ಇದಕ್ಕೆ ಬಹು ಸಮೀಪವಾದುದು: ಗಡಿಗೆ ಹೊಂದಿದ ಅರಸನು ಶತ್ರು, ಅವನಾಚೆಯವನು ಮಿತ್ರ. ಕಣ್ಮರೆಯಾಗಿದ್ದ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗಳಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು.

ಈ ಸೂತ್ರವನ್ನು ಮೈಸೂರಿನ ಚರಿತ್ರೆಗೇ ಹಚ್ಚಿ ನೋಡೋಣ. 1790ರಲ್ಲಿ ನೆರೆಯ ನಿಜಾಮನೂ ಮರಾಠರೂ ಟಿಪ್ಪುವಿಗೆ ವಿರೋಧವಾಗಿ ಇಂಗ್ಲಿಷರೊಡನೆ ಕೂಡಿಕೊಂಡರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡನು. 1799ರಲ್ಲಿ ಪ್ರಾಣವನ್ನೂ ತೆತ್ತನು. ಗೆದ್ದ ಮಿತ್ರರ ಗತಿಯೇನಾಯಿತು? 1798ರಲ್ಲಿ ನಿಜಾಮನೂ, 1802ರಲ್ಲಿ ಪೇಶ್ವೆಯೂ, ಮರಾಠ ಕೂಟಕ್ಕೆ ಸೇರಿದ್ದ ಈ ಬಡೋದೆಯ ಗಾಯಕವಾಡರೂ, ಇಂಗ್ಲಿಷರ ಸೇನೆಯನ್ನು ತಮ್ಮ ಖರ್ಚಿನಲ್ಲಿ ಸಾಕುವ ಕರಾರಿಗೆ ಒಳಪಟ್ಟರು. ಶತ್ರುವಿನ ಶತ್ರುವನ್ನು ಮಿತ್ರನೆಂದು ಬಗೆದವರು, ಆ ಮಿತ್ರನ ಬಲವು ಬೆಳೆಯುತ್ತಿರುವುದನ್ನು ಅಳೆಯಲಿಲ್ಲ.

ಎರಡನೆಯದು ಉದಾರವಾದ. ವ್ಯಾಪಾರ, ಒಪ್ಪಂದ, 1945ರಲ್ಲಿ ಹುಟ್ಟಿದ ವಿಶ್ವಸಂಸ್ಥೆಯಂಥ ಏರ್ಪಾಡುಗಳು ರಾಷ್ಟ್ರಗಳನ್ನು ಹತ್ತಿರ ತರುತ್ತವೆ ಎಂದು ಇದು ವಾದಿಸುತ್ತದೆ. ಇಂಡೋನೇಷ್ಯವು ತನ್ನ ತಡೆಯನ್ನು ಮೇ 23ರಂದೇ ತೆಗೆಯಿತು. ಅಲ್ಲಿನ ಬೆಳೆಗಾರರಿಗೂ ನಷ್ಟ ತಟ್ಟಿತ್ತು. ವ್ಯಾಪಾರದ ನಂಟು ಕೊಳ್ಳುವವನನ್ನು ಮಾತ್ರವಲ್ಲ, ಮಾರುವವನನ್ನೂ ಕಟ್ಟುತ್ತದೆ.

ಮೂರನೆಯದು ರಚನಾವಾದ. ಶತ್ರುತ್ವವು ಭೂಪಟದಲ್ಲಿ ಬರೆದುದಲ್ಲ, ಜನರ ಭಾವನೆಯಲ್ಲಿ ಕಟ್ಟಿದುದು ಎನ್ನುತ್ತದೆ. ಮೈಸೂರಿನವರೂ ಮರಾಠರೂ ಅಂದು ಸೈನ್ಯಗಳೊಡನೆ ಎದುರಾದರು. ಅದೇ ನೆರೆಹೊರೆಯಲ್ಲಿ 2004ರಲ್ಲಿ ಮಹಾರಾಷ್ಟ್ರವು ಬೆಳಗಾವಿಯ ಗಡಿವಿವಾದವನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ನೆಲ ಬದಲಾಗಲಿಲ್ಲ, ನಾವೆಲ್ಲ ಒಂದೇ ರಾಷ್ಟ್ರದವರೆಂಬ ಭಾವವು ನಡುವೆ ಬೆಳೆದಿತ್ತು.

ಯಾವ ಮತವೂ ಒಂಟಿಯಾಗಿ ಪೂರ್ಣವಲ್ಲ. ಆದುದರಿಂದ ಪತ್ರಿಕೆಯಲ್ಲಿ ಯುದ್ಧದ ಇಲ್ಲವೆ ಸಂಧಿಯ ಸುದ್ದಿಯನ್ನೋದುವಾಗ ನಮ್ಮ ವಾಚಕರು ಮೂರನ್ನೂ ಕೇಳಿಕೊಳ್ಳಲಿ: ಬಲವು ಯಾರದು, ಲಾಭವು ಯಾರಿಗೆ, ಇವನು ನಿನ್ನ ಶತ್ರು ಎಂದು ನಮಗೆ ಹೇಳುತ್ತಿರುವವರು ಯಾರು?