ಎಲಿಜಬೆತ್‌ಳ ಲಂಗ ಒಗೆದವಳ ಕಥೆ

ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡೀಸ್’ (1813) ಕಾದಂಬರಿಯ ನಾಯಕಿ ಎಲಿಜಬೆತ್ ಬೆನೆಟ್, ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಹೊಲಗಳ ನಡುವೆ ಮೂರು ಮೈಲಿ ನಡೆದು, ಲಂಗದ ಅಂಚಿಗೆ ಮೆತ್ತಿದ ಕೆಸರಿನೊಂದಿಗೇ ಸಿರಿವಂತರ ಮನೆ ಹೊಗುತ್ತಾಳೆ. ಓದುಗರು ಇದನ್ನು ಅವಳ ಸ್ವತಂತ್ರ ಮನೋಭಾವದ ಗುರುತೆಂದು ಮೆಚ್ಚುತ್ತ ಬಂದಿದ್ದಾರೆ. ಆ ಲಂಗವನ್ನು ಒಗೆದವರು ಯಾರೆಂಬ ಪ್ರಶ್ನೆ ಮೂಲದಲ್ಲಿ ಏಳುವುದೇ ಇಲ್ಲ. ಬೆನೆಟ್ ಕುಟುಂಬದ ಮನೆಯ ಹೆಸರನ್ನೇ ಹೊತ್ತು 2013ರಲ್ಲಿ ಪ್ರಕಟವಾದ, ಬ್ರಿಟಿಷ್ ಲೇಖಕಿ ಜೋ ಬೇಕರ್ ಅವರ ‘ಲಾಂಗ್‌ಬೋರ್ನ್’ ಆರಂಭವಾಗುವುದು ಬಟ್ಟೆ ಒಗೆಯುವ ದಿನದಿಂದ. ಅದರ ನಾಯಕಿ, ನಸುಕಿನಲ್ಲೆದ್ದು ನೀರಿನ ಪಂಪು ಒತ್ತುವ, ಚಳಿಗೆ ಕೈ ಬಾತುಕೊಂಡ ಕೆಲಸದ ಹುಡುಗಿ ಸಾರಾ.

ಮೂಲಕೃತಿಯ ಘಟನಾವಳಿಯನ್ನು ಕದಲಿಸದೆ, ಅದರ ಪಕ್ಕದಲ್ಲೇ ಮತ್ತೊಬ್ಬರ ಬದುಕನ್ನು ನಡೆಸಿಕೊಂಡು ಹೋಗುವ ಇಂಥ ಕೃತಿಯನ್ನು ಸಮಾಂತರ ಕಾದಂಬರಿ ಎನ್ನಬಹುದು. ಬೇಕರ್ ಅವರ ಜಾಣ್ಮೆ ಇರುವುದು ಆಸ್ಟಿನ್ ಲಘುವಾಗಿ ದಾಟಿಹೋದ ಮಾತುಗಳನ್ನು ಹಿಡಿದು ನಿಲ್ಲಿಸುವುದರಲ್ಲಿ: ನೃತ್ಯಕೂಟಕ್ಕೆ ಮುನ್ನ ದಿನಗಟ್ಟಲೆ ಮಳೆ ಹಿಡಿದಿದ್ದರಿಂದ ಪಾದರಕ್ಷೆಗೆ ಸಿಕ್ಕಿಸುವ ಅಲಂಕಾರದ ಗುಲಾಬಿಗಳನ್ನೂ ಬೇರೆಯವರ ಕೈಯಲ್ಲಿ ತರಿಸಬೇಕಾಯಿತೆಂದು ಮೂಲದಲ್ಲಿ ಒಂದು ವಾಕ್ಯದ ತುಣುಕು ಹೇಳಿದರೆ, ‘ಲಾಂಗ್‌ಬೋರ್ನ್’ನಲ್ಲಿ ಆ ‘ಬೇರೆಯವರು’ ತೊಯ್ದು ತೊಪ್ಪೆಯಾಗಿ ಪೇಟೆಗೆ ಹೋಗಿಬರುವ ಸಾರಾ. ಎಲಿಜಬೆತ್ ಮತ್ತು ನಾಯಕ ಡಾರ್ಸಿಯ ಪ್ರೇಮ ಇದರಿಂದ ಸುಳ್ಳಾಗುವುದಿಲ್ಲ. ಅದಕ್ಕೆ ಬೇಕಾದ ಬಿಸಿನೀರು, ಇಸ್ತ್ರಿ, ಅಡುಗೆಗಳ ದುಡಿಮೆ ಮಾತ್ರ ಕಣ್ಣಿಗೆ ಬೀಳುತ್ತದೆ. ಆದರೆ ಸಾರಾ ಪ್ರೀತಿಸುವ ಆಳು ಜೇಮ್ಸ್, ಮನೆಯ ಯಜಮಾನನದೇ ಗುಟ್ಟಿನ ಮಗನೆಂದು ತಿಳಿದಾಗ, ಸೇವಕನೊಬ್ಬ ಕಥಾನಾಯಕನಾಗಲು ಯಜಮಾನರ ರಕ್ತವೇ ಬೇಕಿತ್ತೇ ಎಂಬ ಆಕ್ಷೇಪಕ್ಕೆ ಕಾದಂಬರಿ ಎಡೆಮಾಡಿಕೊಡುತ್ತದೆ.

ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ ಅವರ ‘ವೈಡ್ ಸರ್ಗ್ಯಾಸೊ ಸೀ’ (1966) ಇಷ್ಟು ಸೌಮ್ಯವಲ್ಲ. ಷಾರ್ಲಟ್ ಬ್ರಾಂಟೆಯ ‘ಜೇನ್ ಐರ್’ನಲ್ಲಿ (1847) ಅಟ್ಟದಲ್ಲಿ ಕೂಡಿಹಾಕಿದ ಹುಚ್ಚಿಯಾಗಿಯಷ್ಟೇ ಸುಳಿಯುವ, ನಾಯಕನ ಮೊದಲ ಹೆಂಡತಿಗೆ ಅದು ಬಾಲ್ಯವನ್ನೂ ಆಂಟ್ವನೆಟ್ ಎಂಬ ಹೆಸರನ್ನೂ ಕೊಡುತ್ತದೆ, ಆ ಹೆಸರನ್ನು ತೆಗೆದು ಬರ್ತಾ ಎಂದು ಕರೆಯುವ ಗಂಡನನ್ನು ಕಂಡ ಮೇಲೆ ಮೂಲದ ನಾಯಕನನ್ನು ಮೊದಲಿನಂತೆ ಮೆಚ್ಚುವುದು ಕಷ್ಟ.

ಮೂಲಕೃತಿ ಬದಿಗೊತ್ತಿದವರ ಈ ವಿಚಾರವನ್ನು ಭಾರತದಲ್ಲಿ ರವೀಂದ್ರನಾಥ ಟಾಗೋರರು ಬಹಳ ಹಿಂದೆಯೇ ಎತ್ತಿದ್ದರು. ಕಾವ್ಯಗಳು ಉಪೇಕ್ಷಿಸಿದ ಸ್ತ್ರೀಯರನ್ನು ಕುರಿತ ಅವರ ಬಂಗಾಳಿ ಪ್ರಬಂಧವು ಲಕ್ಷ್ಮಣನ ಮಡದಿ ಊರ್ಮಿಳೆಯನ್ನೂ ಕಾಳಿದಾಸನ ನಾಟಕದ ಶಕುಂತಲೆಯ ಗೆಳತಿಯರಾದ ಅನಸೂಯೆ, ಪ್ರಿಯಂವದೆಯರನ್ನೂ ಹೆಸರಿಸುತ್ತದೆ. ಊರ್ಮಿಳೆಗೆ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ತಪಸ್ವಿನಿಯ ಸ್ಥಾನ ಕೊಟ್ಟರು, ಅದು ಗೌರವದ ಪೀಠ, ದೂರು ಹೇಳಿಕೊಳ್ಳುವ ಜಾಗವಲ್ಲ. ಗೆಳತಿಯರ ಕಥೆಯಲ್ಲಿ ಕಸುವು ಇನ್ನೂ ಹೆಚ್ಚು. ಪ್ರೀತಿಸಿದ ರಾಜ ಅವಳನ್ನು ಮರೆಯಲೆಂದು ದೂರ್ವಾಸ ಮುನಿ ಕೊಟ್ಟ ಶಾಪ ಶಕುಂತಲೆಗೆ ತಿಳಿಯದು. ಅದನ್ನು ಕೇಳಿಸಿಕೊಂಡವರು, ಮುನಿಯನ್ನು ಬೇಡಿ ಗುರುತಿನ ಆಭರಣದಿಂದ ಶಾಪ ಕಳೆಯುವಂತೆ ಮಾಡಿಕೊಂಡವರು, ಗೆಳತಿ ನೊಂದಾಳೆಂದು ವಿಷಯವನ್ನೇ ಬಚ್ಚಿಟ್ಟವರು ಇವರಿಬ್ಬರೇ. ರಾಜ ಗುರುತಿಸಲು ತಡಮಾಡಿದರೆ ಉಂಗುರ ತೋರಿಸೆಂದಷ್ಟೇ ಹೇಳಿ ಅವಳನ್ನು ಬೀಳ್ಕೊಡುತ್ತಾರೆ. ಇವರಿಗೂ ಮದುವೆ ಮಾಡಬೇಕಾಗಿದೆಯೆಂದು ಶಕುಂತಲೆಯ ಸಾಕುತಂದೆ ಕಣ್ವರು ಜೊತೆಗೆ ಕಳುಹಿಸುವುದಿಲ್ಲ. ನಾಲ್ಕನೆಯ ಅಂಕದ ನಂತರ ಕಾಳಿದಾಸ ಇವರನ್ನು ರಂಗಕ್ಕೆ ಕರೆಯುವುದೇ ಇಲ್ಲವಾದ್ದರಿಂದ, ಬಚ್ಚಿಟ್ಟ ಆ ಒಂದು ಮಾತಿಗೆ ಅವರೆಷ್ಟು ಹೊಣೆ ಎಂಬುದು, ಊರ್ಮಿಳೆಯ ತಪಸ್ಸಿಗಿಂತಲೂ ಹೆಚ್ಚಾಗಿ, ಕಾದಂಬರಿಕಾರರು ಕೆದಕಬಹುದಾದ ಪ್ರಶ್ನೆ.